ನಮ್ಮಲ್ಲಿ ಫೆಸಿಲಿಟಿ ಇಲ್ಲ ಸಾರ್

ಕಳೆದ ವರ್ಷ ದಸರಾ ರಜೆ ಮುಗಿದು ಒಂದು ವಾರ ಆಗಿತ್ತು. ಮಗನ ಶಾಲೆಯಿಂದ ಫೋನ್ ಬಂತು. “ಸಾರ್, ಪ್ರಿನ್ಸಿಪಾಲ್ ಮೇಡಂ ನಿಮ್ಮನ್ನ ನೋಡ್ಬೇಕಂತೆ.” ನಾನೂ ನನ್ನ ಹೆಂಡತಿಯೂ ಆಫೀಸಿಗೆ ಅರ್ಧ ದಿನ ರಜೆ ಹಾಕಿ ಹೋದೆವು. ಟೇಬಲ್ ಮೇಲೆ ಮೂರನೇ ಕ್ಲಾಸಿನ ಕನ್ನಡ ಟೆಸ್ಟ್ ಪೇಪರ್ ಇತ್ತು. ‘ದಸರಾ ಬಗ್ಗೆ ಐದು ವಾಕ್ಯ ಬರೆಯಿರಿ.’ ಮಗ ಬರೆದಿದ್ದು ಒಂದೂವರೆ ವಾಕ್ಯ. ‘ಅಂಬಾರಿ’ ಹೋಗಿ ‘ಅಬರಿ’ ಆಗಿತ್ತು. ‘ಅಭಿಮನ್ಯು’ ಅಂತ ಬರೆಯೋಕೆ ಮೂರು ಸಲ ನೋಡಿ, ಮೂರು ಸಲವೂ ಹೊಡೆದುಹಾಕಿದ್ದ.

ಇದೇ ಹುಡುಗ ಧನ್ವಂತರಿ ರಸ್ತೆಯ ವೇಬ್ರಿಡ್ಜ್‌ನಲ್ಲಿ ಗಜಪಡೆಯ ತೂಕ ಹಾಕಿದ ದಿನ ನನ್ನ ಹೆಗಲ ಮೇಲೆ ಕೂತಿದ್ದ. ಯಾವ ಆನೆ ಎಷ್ಟು ಕೆಜಿ, ಹೋದ ವರ್ಷಕ್ಕಿಂತ ಎಷ್ಟು ಜಾಸ್ತಿ, ಯಾವುದು ಯಾವ ಕ್ಯಾಂಪಿನದು ಅಂತ ರಾತ್ರಿ ಅಜ್ಜಿಗೆ ಒಂದೂ ತಪ್ಪದೆ ಒಪ್ಪಿಸಿದ. ದಸರಾ ಬಗ್ಗೆ ಐದಲ್ಲ, ಐವತ್ತು ವಾಕ್ಯ ಹೇಳ್ತಾನೆ. ಬರೆಯೋಕೆ ಬರಲ್ಲ, ಅಷ್ಟೆ. ಅವನಿಗೆ ಡಿಸ್ಲೆಕ್ಸಿಯಾ ಇದೆ. ರಿಪೋರ್ಟು ಶಾಲೆಯ ಫೈಲಿನಲ್ಲೇ ಇತ್ತು.

ಮೇಡಂ ಒರಟಾಗಿ ಮಾತಾಡಲಿಲ್ಲ. ಕಾಫಿ ತರಿಸಿದರು. ಆಮೇಲೆ ಹೇಳಿದರು: “ನಮ್ಮಲ್ಲಿ ಇಂಥ ಮಕ್ಕಳಿಗೆ ಫೆಸಿಲಿಟಿ ಇಲ್ಲ ಸಾರ್. ಮಗೂ ಒಳ್ಳೇದಕ್ಕೇ ಹೇಳ್ತಿದೀನಿ. ನೀವೇ ಒಂದು ಲೆಟರ್ ಬರ್ಕೊಟ್ರೆ ಟಿಸಿ ಕೊಟ್ಬಿಡ್ತೀವಿ.”

‘ನೀವೇ’ ಅನ್ನೋ ಆ ಪದವನ್ನ ಸ್ವಲ್ಪ ಗಮನಿಸಿ. ಆರ್‌ಟಿಇ ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಎಂಟನೇ ತರಗತಿ ಮುಗಿಯೋವರೆಗೆ ಮಗುವನ್ನ ಶಾಲೆಯಿಂದ ಹೊರಹಾಕುವ ಹಾಗಿಲ್ಲ. ಅದಕ್ಕೇ ಯಾರೂ ಹೊರಹಾಕಲ್ಲ. ಅಪ್ಪ ಅಮ್ಮನ ಕೈಯಿಂದಲೇ ಪತ್ರ ಬರೆಸಿಕೊಳ್ತಾರೆ. ದಾಖಲೆಯಲ್ಲಿ ಉಳಿಯೋದು ‘ಪೋಷಕರ ಕೋರಿಕೆಯ ಮೇರೆಗೆ’ ಅನ್ನೋ ಒಂದು ಸಾಲು ಮಾತ್ರ.

ಇನ್ನು ಫೆಸಿಲಿಟಿ ಮಾತು. ಆ ಶಾಲೆಯಿಂದ ಮಾನಸಗಂಗೋತ್ರಿಗೆ ಬೈಕಿನಲ್ಲಿ ಹತ್ತು ನಿಮಿಷ. ಅಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ನಮ್ಮೂರವರ ಬಾಯಲ್ಲಿ ‘ಸ್ಪೀಚ್ ಅಂಡ್ ಹಿಯರಿಂಗ್’. ಬೇರೆ ಬೇರೆ ರಾಜ್ಯಗಳಿಂದ ತಾಯಂದಿರು ಮಕ್ಕಳನ್ನ ಕರೆದುಕೊಂಡು ಬಂದು, ಇಲ್ಲೇ ಮನೆ ಮಾಡಿಕೊಂಡು ಇರ್ತಾರೆ. ಅದರ ಆಸುಪಾಸಿನಲ್ಲೇ 1963ರಿಂದ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಇದೆ. ದಕ್ಷಿಣದ ರಾಜ್ಯಗಳಿಗೆಲ್ಲ ಮೇಷ್ಟ್ರುಗಳನ್ನ ತಯಾರು ಮಾಡೋ ಜಾಗ ಅದು. ಭಾರತೀಯ ಭಾಷಾ ಸಂಸ್ಥಾನವೂ 1969ರಿಂದ ಇಲ್ಲೇ ಇದೆ. ಮಾತು, ಭಾಷೆ, ಪಾಠ, ಮೂರಕ್ಕೂ ದೇಶದ ಮಟ್ಟದ ಸಂಸ್ಥೆಗಳಿರುವ ಊರಿನಲ್ಲಿ ಕೂತು ‘ನಮ್ಮಲ್ಲಿ ಇಲ್ಲ’ ಅನ್ನೋದು ದೀಪದ ಕೆಳಗಿನ ಕತ್ತಲೆಯೇ ಸರಿ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿರುವ 21 ಬಗೆಯ ವೈಕಲ್ಯಗಳಲ್ಲಿ ಆಟಿಸಂ ಕೂಡ ಇದೆ, ಕಲಿಕಾ ನ್ಯೂನತೆ ಕೂಡ ಇದೆ. ಸರ್ಕಾರ ನಡೆಸುವ ಶಾಲೆ ಮಾತ್ರ ಅಲ್ಲ, ಸರ್ಕಾರದ ಮಾನ್ಯತೆ ಪಡೆದ ಶಾಲೆಯೂ ಇಂಥ ಮಕ್ಕಳನ್ನ ಸೇರಿಸಿಕೊಳ್ಳಬೇಕು, ಕಲಿಕೆಯ ತೊಂದರೆಯನ್ನ ಬೇಗ ಗುರುತಿಸಬೇಕು, ಅದಕ್ಕೆ ತಕ್ಕ ಹಾಗೆ ಪಾಠ ಮಾಡಬೇಕು ಅನ್ನೋದು ಅದರ ಆಶಯ. ಆದರೆ ಸರ್ಕಾರ ಇದಕ್ಕಾಗಿ ‘ಪ್ರಯತ್ನಿಸಬೇಕು’ ಅನ್ನೋ ಅಳ್ಳಕದ ಮಾತನ್ನೂ ಅಲ್ಲೇ ಸೇರಿಸಿದ್ದಾರೆ. ಆ ಸಂದಿಯಲ್ಲೇ ಎಲ್ಲರೂ ನುಸುಳಿಕೊಳ್ತಾರೆ. ಪ್ರೈಮರಿಯಲ್ಲಿ ಇಂಥ ಹತ್ತು ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರಿರಬೇಕು ಅಂತ ಸುಪ್ರೀಂ ಕೋರ್ಟು 2021ರಲ್ಲಿ ಹೇಳಿತು. ನಿಮ್ಮ ಮಗುವಿನ ಶಾಲೆಯಲ್ಲಿ ಎಷ್ಟು ಜನ ವಿಶೇಷ ಶಿಕ್ಷಕರಿದ್ದಾರೆ? ಈಜುಕೊಳ, ರೋಬೊಟಿಕ್ಸ್ ಲ್ಯಾಬ್ ಲೆಕ್ಕ ಬೇಡ. ವಿಶೇಷ ಶಿಕ್ಷಕರು ಎಷ್ಟು ಜನ? ಅಡ್ಮಿಷನ್ ದಿನ ನಾನೂ ಕೇಳಿರಲಿಲ್ಲ.

“ಒಂದೊಂದು ಕ್ಲಾಸಲ್ಲಿ ನಲವತ್ತು ಮಕ್ಕಳು, ಒಬ್ಬ ಟೀಚರ್ ಏನ್ ಮಾಡಕ್ಕಾಗತ್ತೆ?” ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆ ಟೀಚರ್ ಮೇಲೆ ನನಗೆ ಕೋಪ ಇಲ್ಲ. ಕಡಿಮೆ ಸಂಬಳ, ರಾಶಿ ನೋಟ್‌ಬುಕ್ಕು, ಅದರ ಮೇಲೆ ಆನ್ಯುಯಲ್ ಡೇ ಡ್ಯಾನ್ಸು. ಆದರೆ ನನ್ನ ಮಗನಿಗೆ ಬೇಕಾಗಿದ್ದು ಏನೇನು? ಮುಂದಿನ ಬೆಂಚು. ಬೋರ್ಡಿನ ಮೇಲಿರೋದನ್ನ ಪೂರ್ತಿ ಕಾಪಿ ಮಾಡಲೇಬೇಕು ಅನ್ನೋ ಹಠ ಇಲ್ಲದಿರೋದು. ಒಂದು ಸಲಕ್ಕೆ ಒಂದೇ ಸೂಚನೆ. ಟೆಸ್ಟಿನಲ್ಲಿ ಹದಿನೈದು ನಿಮಿಷ ಹೆಚ್ಚು ಸಮಯ, ಇಲ್ಲಾಂದ್ರೆ ಬಾಯಲ್ಲಿ ಉತ್ತರ ಹೇಳೋ ಅವಕಾಶ. ಎಲ್ಲರೆದುರು ಗಟ್ಟಿಯಾಗಿ ಓದಿಸದೇ ಇರೋದು. ಇದರಲ್ಲಿ ದುಡ್ಡು ಕೇಳೋದು ಯಾವುದಿದೆ, ಹೇಳಿ?

ಅದೂ ಅಲ್ಲದೆ ನಮ್ಮ ಲಿಪಿಯೇ ಮಕ್ಕಳಿಂದ ಸಮಯ ಕೇಳೋ ಲಿಪಿ. ವರ್ಣಮಾಲೆ ಕಲಿತರೆ ಮುಗಿಯಲ್ಲ. ಕಾಗುಣಿತ, ಒತ್ತಕ್ಷರ ಸೇರಿದರೆ ನೂರಾರು ರೂಪಗಳು. ವ, ಮ ಎರಡೂ ಅಣ್ಣತಮ್ಮಂದಿರ ಹಾಗಿವೆ. ದ, ಧ, ಥ ನಡುವೆ ಒಂದು ಗೀಟು, ಒಂದು ಚುಕ್ಕಿ ಅಷ್ಟೇ ವ್ಯತ್ಯಾಸ. ಕನ್ನಡ ಓದಲು ಕಲಿಯುವ ಮಕ್ಕಳ ಬಗ್ಗೆ ಅಧ್ಯಯನ ಮಾಡಿದ ಸೊನಾಲಿ ನಾಗ್, ಅಕ್ಷರಗಳ ಮೇಲೆ ಹಿಡಿತ ಬರೋದು ನಾಲ್ಕನೇ ತರಗತಿಯವರೆಗೂ ನಡೆಯುವ ನಿಧಾನದ ಕೆಲಸ ಅಂತ 2007ರಲ್ಲೇ ಬರೆದಿದ್ದಾರೆ. ಎಲ್ಲ ಮಕ್ಕಳಿಗೂ ಅಷ್ಟು ಕಾಲ ಬೇಕು ಅಂದಮೇಲೆ, ಮೂರನೇ ಕ್ಲಾಸಿನಲ್ಲೇ ಒಬ್ಬನ ಕೈಗೆ ಟಿಸಿ ಕೊಡೋಕೆ ಏನವಸರ?

“ನಿಮ್ಮ ಖರ್ಚಲ್ಲೇ ಒಬ್ಬ ಶ್ಯಾಡೋ ಟೀಚರ್ ಇಟ್ಕೊಳ್ಳಿ, ಇಲ್ಲಾಂದ್ರೆ ಅವನ ತಾಯಿ ಬಂದು ಪಕ್ಕದಲ್ಲಿ ಕೂತ್ಕೊಳ್ಲಿ” ಅನ್ನೋ ಸಲಹೆಯೂ ಬಂತು. ಫೀಸು ನಾವು ಕಟ್ಟಬೇಕು, ಪಾಠವನ್ನೂ ನಾವೇ ಮಾಡಿಸಬೇಕು. ಯಾವ ಮೀಟಿಂಗಿನಲ್ಲೂ ‘ಅವನ ತಂದೆ ಬಂದು ಕೂರಲಿ’ ಅನ್ನಲಿಲ್ಲ. ಪ್ರಾಜೆಕ್ಟ್ ಲೀಡ್ ಆಗಿರೋ ನನ್ನ ಹೆಂಡತಿ ಕೆಲಸ ಬಿಡೋದು ಅವರ ಲೆಕ್ಕದಲ್ಲಿ ಒಂದು ಫೆಸಿಲಿಟಿ.

ಇಷ್ಟೆಲ್ಲ ಬರೆಯೋಕೆ ನನಗೇನು ಹಕ್ಕಿದೆ ಅಂತಲೂ ಹೇಳಿಬಿಡ್ತೀನಿ. ಮಗ ಯುಕೆಜಿಯಲ್ಲಿದ್ದಾಗ ಅದೇ ಕ್ಲಾಸಿನಲ್ಲಿ ಇನ್ನೊಬ್ಬ ಹುಡುಗ ಇದ್ದ. ಗದ್ದಲ ಜಾಸ್ತಿಯಾದರೆ ಕಿವಿ ಮುಚ್ಚಿಕೊಂಡು ಕಿರುಚುತ್ತಿದ್ದ. ಒಂದು ದಿನ ಪೇರೆಂಟ್ಸ್ ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ಬರೆದರು: “ಇದರಿಂದ ನಮ್ಮ ಮಕ್ಕಳಿಗೆ ಡಿಸ್ಟರ್ಬ್ ಆಗ್ತಿದೆ. ಎಲ್ಲರೂ ಸೇರಿ ಮ್ಯಾನೇಜ್‌ಮೆಂಟಿಗೆ ಹೇಳೋಣ.” ನಾನು ಆಗ ರಿಂಗ್ ರೋಡ್ ಸಿಗ್ನಲ್ಲಿನಲ್ಲಿ ನಿಂತಿದ್ದೆ. ಒಂದು ಹೆಬ್ಬೆಟ್ಟು ಒತ್ತಿದೆ. ಅದಕ್ಕೆ ಎರಡು ಸೆಕೆಂಡೂ ಹಿಡಿಯಲಿಲ್ಲ. ಮುಂದಿನ ತಿಂಗಳು ಆ ಹುಡುಗ ಇರಲಿಲ್ಲ. ಅವನ ಅಮ್ಮ ಗ್ರೂಪಿನಿಂದ ಹೊರಗೆ ಹೋಗಿದ್ದೂ ನನ್ನ ಗಮನಕ್ಕೆ ಬರಲಿಲ್ಲ. ಅವರೂ ಒಂದು ‘ಕೋರಿಕೆ ಪತ್ರ’ ಬರೆದುಕೊಟ್ಟಿರಬೇಕು. ಅದರ ಕೆಳಗೆ ನನ್ನ ಹೆಬ್ಬೆಟ್ಟಿನ ಗುರುತೂ ಇತ್ತು ಅಂತ ನನಗೆ ಈಗ ಗೊತ್ತು.

‘ಇಂಥ ಮಕ್ಕಳು’ ಅಂದಾಗ ಅದು ಬೇರೆಯವರ ಮಕ್ಕಳು ಅಂದುಕೊಂಡಿರ್ತೀವಿ. ಶಾಲೆಗಳಿಗೆ ಧೈರ್ಯ ಬರೋದು ಅಲ್ಲಿಂದಲೇ. ಒಂದು ಮಗುವನ್ನ ಇಟ್ಟುಕೊಂಡರೆ ಮೂವತ್ತು ಅಡ್ಮಿಷನ್ ಹೋಗತ್ತೆ ಅನ್ನೋ ಭಯವನ್ನ ಅವರಲ್ಲಿ ಹುಟ್ಟಿಸಿದವರು ನಾವು, ಫೀಸು ಕಟ್ಟೋರು. ಆ ಮಗುವನ್ನ ಕಳಿಸಿದರೆ ನಾವೂ ಹೋಗ್ತೀವಿ ಅಂತ ಎಂದಾದರೂ ಹೇಳಿದ್ದೀವಾ?

ನಾನು ಆ ಲೆಟರ್ ಬರೆದುಕೊಡಲಿಲ್ಲ. ಬೇರೊಂದು ಬರೆದೆ. ‘ನನ್ನ ಮಗನಿಗೆ ನಿಮ್ಮ ಶಾಲೆಯಲ್ಲಿ ಪಾಠ ಮಾಡಲು ಆಗುವುದಿಲ್ಲ ಎಂಬುದನ್ನು, ಕಾರಣ ಸಮೇತ, ನಿಮ್ಮ ಲೆಟರ್‌ಹೆಡ್‌ನಲ್ಲಿ ಬರೆದುಕೊಡಿ.’ ಒಂದು ಪ್ರತಿಯನ್ನ ಬಿಇಒ ಕಚೇರಿಗೂ ಕೊಟ್ಟು, ಸೀಲು ಹಾಕಿಸಿಕೊಂಡು ಬಂದೆ. ಉತ್ತರ ಇನ್ನೂ ಬಂದಿಲ್ಲ. ಟಿಸಿ ಮಾತೂ ಮತ್ತೆ ಬಂದಿಲ್ಲ. ಮಗ ಈಗ ನಾಲ್ಕನೇ ಕ್ಲಾಸು, ಮುಂದಿನ ಬೆಂಚು. ಹೋದ ಟೆಸ್ಟಿನಲ್ಲಿ ಅವನ ಟೀಚರ್ ಯಾರಿಗೂ ಹೇಳದೆ ಅವನನ್ನ ಸ್ಟಾಫ್‌ ರೂಮಿಗೆ ಕರೆದುಕೊಂಡು ಹೋಗಿ, ಬಾಯಲ್ಲಿ ಉತ್ತರ ಹೇಳಿಸಿಕೊಂಡು ಮಾರ್ಕ್ಸ್ ಹಾಕಿದರಂತೆ. ಒಳ್ಳೆ ಕೆಲಸವನ್ನ ಅವರು ಕದ್ದು ಮಾಡಬೇಕಾಗಿದೆ.

ನಿಮ್ಮ ಮಗುವಿನ ಕ್ಲಾಸ್ ಗ್ರೂಪಿನಲ್ಲೂ ಒಂದಲ್ಲ ಒಂದು ದಿನ ಅಂಥ ಮೆಸೇಜ್ ಬರತ್ತೆ. ಬಂದಾಗ ಹೆಬ್ಬೆಟ್ಟು ಒತ್ತಬೇಡಿ. ಸುಮ್ಮನೆಯೂ ಇರಬೇಡಿ. ‘ಆ ಮಗುವಿಗೆ ಶಾಲೆ ಏನು ಮಾಡ್ತಿದೆ?’ ಅಂತ ಒಂದು ಸಾಲು ಟೈಪ್ ಮಾಡಿ. ಆ ಮಗುವಿನ ಅಮ್ಮನೂ ಅದೇ ಗ್ರೂಪಿನಲ್ಲಿ ಇರ್ತಾರೆ. ಓದ್ತಿರ್ತಾರೆ.