ಒಂದು ಪರಮಾಣುವಿನ ಅಂತರ

ಡಿ.ಎನ್.ಎ., ಆರ್.ಎನ್.ಎ. ಎಂಬ ಹೆಸರುಗಳ ಮೊದಲಕ್ಷರ ಸೂಚಿಸುವುದು ಅವುಗಳೊಳಗಿನ ಸಕ್ಕರೆಯನ್ನು. ಇದು ಕಾಫಿಗೆ ಬೆರೆಸುವ ಸಕ್ಕರೆಯಲ್ಲ. ಐದೇ ಇಂಗಾಲ ಪರಮಾಣುಗಳುಳ್ಳ ಪುಟ್ಟ ಅಣು. ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಫೀಬಸ್ ಲೆವೀನರು ಆರ್.ಎನ್.ಎ.ಯ ರೈಬೋಸನ್ನು 1909ರಲ್ಲಿ ಗುರುತಿಸಿದರು, ಡಿ.ಎನ್.ಎ.ಯ ಡಿಆಕ್ಸಿರೈಬೋಸ್ ಅವರ ಕೈಗೆ ಸಿಕ್ಕಿದ್ದು 1929ರಲ್ಲಿ.

ಈ ಎರಡು ಸಕ್ಕರೆಗಳಿಗಿರುವ ಭೇದ ಒಂದೇ ಒಂದು ಆಮ್ಲಜನಕ ಪರಮಾಣು. ರೈಬೋಸಿನ ಎರಡನೆಯ ಇಂಗಾಲಕ್ಕೆ ಆಮ್ಲಜನಕ-ಜಲಜನಕಗಳ ಜೋಡಿ ಅಂಟಿಕೊಂಡಿದೆ. ಡಿಆಕ್ಸಿರೈಬೋಸಿನಲ್ಲಿ ಆ ಎಡೆಯಲ್ಲಿರುವುದು ಬರಿಯ ಜಲಜನಕ. ‘ಡಿಆಕ್ಸಿ’ ಎಂದರೆ ಆಮ್ಲಜನಕ ಕಳೆದದ್ದು ಎಂದೇ ಅರ್ಥ. ಆ ಹೆಚ್ಚಿನ ಆಮ್ಲಜನಕವೇ ಆರ್.ಎನ್.ಎ.ಗೆ ಮನೆಯೊಳಗಿನ ಶತ್ರು. ಕ್ಷಾರದ ಸಂಗವಾದೊಡನೆ ಅದು ಪಕ್ಕದ ರಂಜಕದ ಕೊಂಡಿಯ ಮೇಲೆರಗಿ ಸರಪಳಿಯನ್ನು ತುಂಡರಿಸುತ್ತದೆ.

ಸೈಬೀರಿಯದ ಹಿಮನೆಲದಲ್ಲಿ ಹೂತಿದ್ದ ಮ್ಯಾಮತ್ ಆನೆಯ ಹಲ್ಲಿನಿಂದ ಹತ್ತು ಲಕ್ಷ ವರ್ಷಗಳಿಗೂ ಹಳೆಯದಾದ ಡಿ.ಎನ್.ಎ.ಯನ್ನು ವಿಜ್ಞಾನಿಗಳು 2021ರಲ್ಲಿ ಓದಿದರು. ಆರ್.ಎನ್.ಎ.ಯನ್ನೊಳಗೊಂಡ ಫೈಜರ್ ಕೋವಿಡ್ ಲಸಿಕೆಯನ್ನಾದರೋ 2020ರಲ್ಲಿ ಶೂನ್ಯಕ್ಕಿಂತ 70 ಡಿಗ್ರಿ ಕೆಳಗಿನ ಶೈತ್ಯದಲ್ಲಿ ಕಾಪಾಡಬೇಕಾಯಿತು.

ಹಾಗೆಂದು ಆರ್.ಎನ್.ಎ. ಕೀಳಲ್ಲ. ಡಿ.ಎನ್.ಎ. ವಂಶದ ಮೂಲಪತ್ರ, ಅದು ಬಾಳಬೇಕು. ಆರ್.ಎನ್.ಎ. ಒಯ್ಯುವುದು ಅಂದಂದಿನ ಅಪ್ಪಣೆಚೀಟಿ. ಕೆಲಸ ಮುಗಿದೊಡನೆ ಅದು ಹರಿದುಹೋಗಬೇಕು. ಇಲ್ಲವಾದರೆ ಜೀವಕೋಶವು ನಿನ್ನೆಯ ಆಜ್ಞೆಯನ್ನೇ ಇಂದೂ ಪಾಲಿಸುತ್ತ ಕುಳಿತೀತು!