ಮಾಸಿದ್ದಕ್ಕೇ ರೇಟು ಜಾಸ್ತಿ

ಹೊಸ ಜೀನ್ಸ್ ತಗೊಳ್ಳೋಕೆ ಹೋದ್ರೆ ಅಂಗಡೀಲಿ ಹೊಸದು ಸಿಗೋದೇ ಕಷ್ಟ. ತೊಡೆ ಮಾಸಿರುತ್ತೆ, ಮಂಡಿ ಹರಿದಿರುತ್ತೆ, ಅದಕ್ಕೇ ರೇಟೂ ಜಾಸ್ತಿ. ನಾನೂ ಅಂಥವು ಎರಡು ಕೊಂಡವನೇ. ಹಾಗಾಗಿ ಈ ಬೈಗುಳ ಮೊದಲು ನನಗೇ.

ಅಲ್ರೀ, ಡೆನಿಮ್ ಮಾಸೋದಕ್ಕೆ ಯಾರ ಸಹಾಯವೂ ಬೇಕಿಲ್ಲ. ಉದ್ದದ ಹಾಸಿನ ನೂಲನ್ನು ಇಂಡಿಗೋದಲ್ಲಿ ಮತ್ತೆ ಮತ್ತೆ ಅದ್ದಿ ಗಾಳಿಗೆ ಒಡ್ಡುತ್ತಾರೆ. ಹಳದಿ-ಹಸಿರಾಗಿ ಹೊರಬಂದ ನೂಲು ಗಾಳಿ ತಾಗಿ ನೀಲಿಯಾಗುತ್ತೆ. ಆದರೆ ಬಣ್ಣ ಮೇಲ್ಮೇಲೇ ನಿಲ್ಲುತ್ತೆ, ನೂಲಿನ ಒಡಲು ಬೆಳ್ಳಗೇ ಇರುತ್ತೆ. ಅಡ್ಡದ ಹೊಕ್ಕಿಗಂತೂ ಬಣ್ಣವೇ ಇಲ್ಲ. ಓರೆ ಗೆರೆ ಬರುವಂತೆ ನೇಯ್ದಾಗ ನೀಲಿ ಹಾಸು ಮುಂದೆ, ಬಿಳಿ ಹೊಕ್ಕು ಹಿಂದೆ. ಕೂತು, ಎದ್ದು, ಒಗೆದು ಒಂದು ವರ್ಷ ಕಳೆದರೆ ಬಿಳುಪು ತಾನಾಗೇ ಇಣುಕುತ್ತೆ.

ಆ ಒಂದು ವರ್ಷ ಕಾಯೋ ತಾಳ್ಮೆ ನಮಗಿಲ್ಲ. ಅದಕ್ಕೇ ಟರ್ಕಿಯ ವರ್ಕ್‌ಶಾಪುಗಳಲ್ಲಿ ಹುಡುಗರು ಪೈಪು ಹಿಡಿದು ಜೀನ್ಸ್ ಮೇಲೆ ರಭಸದಿಂದ ಮರಳು ಹಾಯಿಸಿದರು. ಆ ಧೂಳು ಶ್ವಾಸಕೋಶಕ್ಕಿಳಿದು ಸಿಲಿಕೋಸಿಸ್ ಆಯ್ತು. ಅದನ್ನು ವಾಸಿ ಮಾಡೋ ಮದ್ದಿಲ್ಲ. ಎಷ್ಟೋ ಜನ ಸತ್ತ ಮೇಲೆ, 2009ರಲ್ಲಿ, ಟರ್ಕಿ ಈ ಕೆಲಸವನ್ನು ನಿಷೇಧಿಸಿತು. ಮರಳಿನ ಬದಲು ಪೊಟ್ಯಾಸಿಯಂ ಪರ್ಮಾಂಗನೇಟ್ ಸಿಂಪಡಿಸೋದೂ ಉಂಟು. ಅದೂ ಉಸಿರಿಗೆ ಒಳ್ಳೇದಲ್ಲ.

‘ಈಗ ಲೇಸರ್ ಬಂದಿದೆಯಲ್ಲ’ ಅಂತೀರಿ. ಬಂದಿದೆ, ನಿಜ. ಆದ್ರೆ ನಿಮ್ಮ ಜೀನ್ಸಿನ ಲೇಬಲ್ ನೋಡಿ: ಹತ್ತಿ ಎಷ್ಟು ಪರ್ಸೆಂಟ್ ಅಂತ ಇರುತ್ತೆ, ಮಾಸಿಸಿದ್ದು ಹೇಗೆ ಅಂತ ಇರಲ್ಲ.

ಮುಂದಿನ ಸಲ ಕಡುನೀಲಿಯದನ್ನೇ ಕೊಳ್ಳೋಣ. ಅದನ್ನು ಮಾಸಿಸೋ ಕೆಲಸ ನಮ್ಮ ಮಂಡಿಗೇ ಇರಲಿ, ಇನ್ಯಾರದೋ ಎದೆಗೆ ಬೇಡ.