ಖರೀದಿ ಯಂತ್ರದ್ದಾಗಲಿ, ಉಗ್ರಾಣದ ಕೀಲಿಕೈ ಮಾಲಕರಲ್ಲೇ ಇರಲಿ

ಮುಂಬಯಿ: ಮಹಾನಗರದಲ್ಲಿ ತುಳು-ಕನ್ನಡಿಗರಿಗೆ ಅನ್ನದ ದಾರಿ ತೋರಿದ ಉದ್ಯಮಗಳಲ್ಲಿ ಹೊಟೇಲು ಉದ್ಯಮಕ್ಕೆ ಅಗ್ರಸ್ಥಾನವಿದೆ. ಮಾಟುಂಗದಲ್ಲಿ ಎ. ರಾಮ ನಾಯಕ್ ಅವರು 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಆರಂಭಿಸಿದ ಕಾಲದಲ್ಲಿ ಉಗ್ರಾಣದ ಲೆಕ್ಕಕ್ಕೆ ನೋಟ್‌ಬುಕ್ಕು ಮತ್ತು ಅನುಭವಿಯ ಕಣ್ಣಂದಾಜೇ ಆಧಾರ. ಇಂದು ಗಲ್ಲಾದ ಮೇಲಿನ ಬಿಲ್ಲಿಂಗ್ ಯಂತ್ರವೇ ಒಂದು ಪ್ಲೇಟ್ ಇಡ್ಲಿ ಮಾರಾಟವಾದೊಡನೆ ಅಕ್ಕಿ, ಉದ್ದನ್ನು ದಾಸ್ತಾನಿನಿಂದ ಕಳೆಯುತ್ತದೆ. ಸಾಮಾನು ಇಳಿದಾಗ ವ್ಯಾಪಾರಿಗೆ ಆರ್ಡರನ್ನೂ ಕಳುಹಿಸುತ್ತದೆ. ಈ ಸ್ವಯಂಚಾಲಿತ ಖರೀದಿಯನ್ನು ಎಷ್ಟರ ಮಟ್ಟಿಗೆ ನಂಬಬೇಕು ಎಂಬುದು ಸಣ್ಣ ಹೊಟೇಲಿಗರ ಮುಂದಿರುವ ಪ್ರಶ್ನೆ.

ಪ್ರಶ್ನೆ ತುರ್ತಿನದಾಗಲು ಕಾರಣವಿದೆ. 2021ರಲ್ಲಿ ಮುಂಬಯಿಯಲ್ಲೇ ಹುಟ್ಟಿದ ಝೆಪ್ಟೋದಂಥ ಕಂಪೆನಿಗಳು ಕೆಲವೇ ನಿಮಿಷಗಳಲ್ಲಿ ಮನೆಬಾಗಿಲಿಗೆ ಸಾಮಾನು ತಲುಪಿಸುವ ರೂಢಿ ಬೆಳೆಸಿವೆ. ಹೀಗೆ ಪಳಗಿದ ಗ್ರಾಹಕ ಹೊಟೇಲಿನಲ್ಲಿ "ಅದು ಖಾಲಿ" ಎಂಬ ಮಾತು ಕೇಳಲು ಸಿದ್ಧನಿಲ್ಲ. ಹಾಗೆಂದು ಉಗ್ರಾಣ ತುಂಬಿಟ್ಟರೆ ಬಾಡಿಗೆಯ ಜಾಗ, ಹುಳು ಹಿಡಿಯುವ ಬೇಳೆ, ಕೊಳೆಯುವ ತರಕಾರಿ, ಸಾಲದ ಬಡ್ಡಿ ಎಲ್ಲವೂ ಮಾಲಕರ ತಲೆಯ ಮೇಲೆ.

ಯಂತ್ರದ ಲೆಕ್ಕ ಸರಳವಾದುದು. ದಿನಕ್ಕೆ 25 ಕಿಲೋ ಅಕ್ಕಿ ಬೇಕು, ವ್ಯಾಪಾರಿ ತಲುಪಿಸಲು 2 ದಿನ ಹಿಡಿಯುತ್ತದೆ, ಆಪತ್ತಿಗೆಂದು ಇನ್ನೂ 2 ದಿನದ ಅಕ್ಕಿ ಇರಬೇಕು ಎಂದಾದರೆ, ದಾಸ್ತಾನು 100 ಕಿಲೋಗೆ ಇಳಿದಾಗ ಆರ್ಡರ್ ಹೋಗಬೇಕು. ಒಮ್ಮೆಗೆ ಎಷ್ಟು ತರಿಸಿದರೆ ಲಾಭ ಎಂಬ ಸೂತ್ರವನ್ನು ಅಮೆರಿಕದ ಫೋರ್ಡ್ ಹ್ಯಾರಿಸ್ 1913ರಲ್ಲೇ ಕೊಟ್ಟಿದ್ದರು. ಹೊಸತೇನೆಂದರೆ, ಬೇಸರವಿಲ್ಲದೆ ಪ್ರತಿದಿನ ಪ್ರತಿ ಸಾಮಾನಿಗೂ ಈ ಲೆಕ್ಕ ಹಾಕುವ ಯಂತ್ರ ಅಗ್ಗವಾಗಿ ಸಿಗುತ್ತಿರುವುದು.

ಉಳಿತಾಯ ಎಷ್ಟು? ದಿನಕ್ಕೆ 10,000 ರೂ. ಸಾಮಾನು ಬಳಸುವ ಹೊಟೇಲೊಂದು 20 ದಿನದ ದಾಸ್ತಾನನ್ನು 8 ದಿನಕ್ಕೆ ಇಳಿಸಿತೆನ್ನೋಣ. 1.20 ಲಕ್ಷ ರೂ. ಕೈಗೆ ಬರುತ್ತದೆ. ಶೇ. 12ರ ಬಡ್ಡಿ ಹಿಡಿದರೆ ತಿಂಗಳಿಗೆ 1,200 ರೂ. ಉಳಿತಾಯ. ಆದರೆ ಸಾಮಾನು ಸಾಲದೆ ದಿನಕ್ಕೆ 10 ಗ್ರಾಹಕರು ಎದ್ದು ಹೋಗಿ, ತಲಾ 40 ರೂ. ಲಾಭ ತಪ್ಪಿದರೆ ನಷ್ಟ 400 ರೂ. ತಿಂಗಳಲ್ಲಿ ಇಂಥ ಮೂರು ದಿನ ಬಂದರೆ ಬಡ್ಡಿಯ ಉಳಿತಾಯವೆಲ್ಲ ಚುಕ್ತಾ. ಎದ್ದು ಹೋದವರು ಪಕ್ಕದ ಹೊಟೇಲಿನ ರುಚಿ ಹಿಡಿದರೆ ಆ ನಷ್ಟ ಯಾವ ಯಂತ್ರದ ಲೆಕ್ಕಕ್ಕೂ ಸಿಗದು. ಆದ್ದರಿಂದ ದಾಸ್ತಾನು ಇಳಿಸುವುದೇ ಗುರಿಯಾಗಬಾರದು. ಹಾಳಾಗುವುದನ್ನೂ ಸಾಲದೆ ಹೋಗುವುದನ್ನೂ ಒಟ್ಟಿಗೆ ತಗ್ಗಿಸಬೇಕು.

ತಪ್ಪು ಮಾಹಿತಿ ತುಂಬಿದ ಯಂತ್ರ ಎಂಥ ಅನಾಹುತ ತರಬಲ್ಲುದೆಂಬುದಕ್ಕೆ ಅಮೆರಿಕದ ಟಾರ್ಗೆಟ್ ಕಂಪೆನಿಯೇ ಸಾಕ್ಷಿ. 2013ರಲ್ಲಿ ಕೆನಡಾಕ್ಕೆ ಕಾಲಿಟ್ಟ ಅದರ ಗಣಕ ವ್ಯವಸ್ಥೆಯಲ್ಲಿ ಸಾಮಾನುಗಳ ಅಳತೆ, ವಿವರಗಳೇ ತಪ್ಪಾಗಿದ್ದವು. ಗೋದಾಮು ತುಂಬಿ ತುಳುಕುತ್ತಿದ್ದರೂ ಅಂಗಡಿಯ ಕಪಾಟುಗಳು ಖಾಲಿ! 2015ರಲ್ಲಿ ಎಲ್ಲ 133 ಅಂಗಡಿಗಳಿಗೂ ಬೀಗ ಬಿತ್ತು. ಬೇರೆ ಕಾರಣಗಳೂ ಇದ್ದವು, ಆದರೆ ಖಾಲಿ ಕಪಾಟಿನ ಪಾಲು ದೊಡ್ಡದು. ನಮ್ಮ ಹೊಟೇಲುಗಳಲ್ಲೂ ಕೆಲಸಗಾರರ ಊಟ, ಚೆಲ್ಲಿದ ಹಾಲು, ಹುಳಿ ಬಂದ ಹಿಟ್ಟು ಲೆಕ್ಕಕ್ಕೆ ಸೇರದಿದ್ದರೆ ಯಂತ್ರದಲ್ಲಿ ಇರುವ ಅಕ್ಕಿ ಡಬ್ಬದಲ್ಲಿ ಇರುವುದಿಲ್ಲ.

ಎರಡನೆಯ ಮಿತಿ, ಯಂತ್ರಕ್ಕೆ ಗೊತ್ತಿರುವುದು ಕಳೆದುಹೋದ ದಿನಗಳು ಮಾತ್ರ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿದು ನಗರ ಸ್ತಬ್ಧವಾಯಿತು. 2020ರ ಮಾರ್ಚ್‌ನಲ್ಲಿ ದೇಶಕ್ಕೇ ಬೀಗ ಬಿತ್ತು. 2023ರ ಮಳೆಗಾಲದಲ್ಲಿ ಟೊಮೇಟೊ ಹಲವೆಡೆ ಕಿಲೋಗೆ 200 ರೂ. ದಾಟಿತು. ಹಿಂದಿನ ತಿಂಗಳ ಸರಾಸರಿ ಹಿಡಿದು ಹೊರಟ ಯಾವ ಲೆಕ್ಕವೂ ಇವನ್ನು ಮುಂದಾಗಿ ಹೇಳದು. ಗಣೇಶೋತ್ಸವದಲ್ಲಿ ಯಾವ ಬೀದಿಯಲ್ಲಿ ಜನ ಸೇರುತ್ತಾರೆ, ಪಕ್ಕದ ಕಚೇರಿ ಯಾವಾಗ ಸ್ಥಳಾಂತರವಾಗುತ್ತದೆ ಎಂಬುದು ಗಲ್ಲಾದಲ್ಲಿ ಕುಳಿತವರಿಗಷ್ಟೇ ತಿಳಿದೀತು.

ಹಾಗಾದರೆ ದಾರಿ? ಎಲ್ಲ ಸಾಮಾನಿಗೂ ಒಂದೇ ಮದ್ದು ಸಲ್ಲದು. ಅಕ್ಕಿ, ಬೇಳೆ, ಎಣ್ಣೆ, ಪಾರ್ಸೆಲ್ ಡಬ್ಬಗಳ ಆರ್ಡರನ್ನು ಯಂತ್ರಕ್ಕೆ ಬಿಡಬಹುದು. ಹಾಲು, ತರಕಾರಿ, ತೆಂಗಿನಕಾಯಿಗೆ ಅದು ಚೀಟಿ ಬರೆದುಕೊಟ್ಟರೆ ಸಾಕು, ಒಪ್ಪಿಗೆ ಮ್ಯಾನೇಜರರದ್ದೇ ಆಗಬೇಕು. ನಿಗದಿತ ಮೊತ್ತ ಮೀರಿದ ಯಾವುದೇ ಖರೀದಿಗೆ ಮಾಲಕರ ಸಮ್ಮತಿ ಬೇಕು. ವಾರಕ್ಕೊಮ್ಮೆ ಉಗ್ರಾಣ ಎಣಿಸುವ ಪದ್ಧತಿಯನ್ನಂತೂ ಬಿಡಲೇಬಾರದು. ಉಗ್ರಾಣದ ಹಳೆಯ ಕೆಲಸಗಾರನನ್ನು ಯಂತ್ರ ಬಂತೆಂದು ಮನೆಗೆ ಕಳುಹಿಸಿದರೆ, ಎಣಿಸಬಲ್ಲ ಕೈಯನ್ನೇ ಕಳೆದುಕೊಂಡಂತೆ.

ವ್ಯಾಪಾರಿಯೊಂದಿಗಿನ ಸಂಬಂಧವೂ ಗಮನಾರ್ಹ. ನಾಲ್ಕು ಕಾಸು ಕಡಿಮೆ ಕಂಡಲ್ಲಿಗೆ ಯಂತ್ರ ದಿನಕ್ಕೊಂದು ಕಡೆ ಆರ್ಡರ್ ತಿರುಗಿಸಿದರೆ, ಕೊರತೆಯ ಕಾಲದಲ್ಲಿ ಉದ್ರಿಗೆ ಸಾಮಾನು ಕೊಡುವವರು ಯಾರು?

ಈ ದಿಸೆಯಲ್ಲಿ ಕನ್ನಡ ಸಂಘಗಳಿಗೂ ಕೆಲಸವಿದೆ. ಸಂಘದ ಸಭಾಗೃಹದಲ್ಲಿ ಸಂಜೆಯ ತರಬೇತಿ ನಡೆಸಬಹುದು. ಹತ್ತು ಸಣ್ಣ ಹೊಟೇಲಿಗರು ಸೇರಿ ಅಕ್ಕಿ, ಎಣ್ಣೆಯನ್ನು ಒಟ್ಟಾಗಿ ಖರೀದಿಸಲು ವೇದಿಕೆ ಕಲ್ಪಿಸಬಹುದು. ದೊಡ್ಡ ಕಂಪೆನಿಗಳಿಗೆ ಬಂಡವಾಳದ ಬಲವಿದೆ, ಒಂದು ತಪ್ಪನ್ನು ಅವು ತಾಳಿಕೊಂಡಾವು. ಒಂದೇ ಹೊಟೇಲನ್ನು ನೆಚ್ಚಿದ ಕುಟುಂಬಕ್ಕೆ ಆ ಅನುಕೂಲವಿಲ್ಲದ ಕಾರಣ ಯಂತ್ರವನ್ನು ತರುವ ಮುನ್ನ ಅದರ ಲೆಕ್ಕವನ್ನು ಕಲಿಯುವುದು ಒಳ್ಳೆಯದು.